ಹೆಸರಿಗೆ ಬಂದ ಆಕಳಿಕೆ

ಭದ್ರಾವತಿಯ ಹೊಸಮನೆ ಬಡಾವಣೆಗೆ ಸೊಸೆಯಾಗಿ ಬಂದಾಗ ಜಗದಾಂಬಾಗೆ ದೃಷ್ಟಿ, ನೀವಾಳಿಕೆ ಇವುಗಳಲ್ಲಿ ನಂಬಿಕೆ ಇರಲಿಲ್ಲ. ಅತ್ತೆ ಸಾವಿತ್ರಮ್ಮನ ಹತ್ತಿರ ಜನ ಮಕ್ಕಳನ್ನು ಎತ್ತಿಕೊಂಡು ಬರುವುದನ್ನು ನೋಡಿ ಅವಳು ಅಡುಗೆಮನೆಯಲ್ಲಿ ನಗುತ್ತಿದ್ದಳು. ಆಮೇಲೆ ಅವಳ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಎಷ್ಟೋ ದಿನ ಅವಳು ಸರಿಯಾಗಿ ಉಣ್ಣಲಿಲ್ಲ, ಕಣ್ಣು ಮುಚ್ಚಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಏನೂ ಕೇಳದೆ ಎದುರಿಗೆ ಕೂತು, ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಮೂರು ಸಲ ನೀವಾಳಿಸಿದರು. ಮಂತ್ರ ಹೇಳುತ್ತಿದ್ದಂತೆ ಅತ್ತೆಗೆ ಆಕಳಿಕೆಯ ಮೇಲೆ ಆಕಳಿಕೆ ಬಂದು ಕಣ್ಣಲ್ಲಿ ನೀರಿಳಿಯಿತು. ಆಗ ಮಲಗಿದ ಜಗದಾಂಬಾ ಎದ್ದದ್ದು ಮರುದಿನ.

"ನಿನ್ನೊಳಗಿದ್ದಿದ್ದು ನನ್ನ ಬಾಯಿಂದ ಹೊರಗೆ ಹೋಯ್ತು ಕಣೇ. ಆಕಳಿಕೆ ಅಂದ್ರೆ ಅದೇ," ಎಂದರು ಅತ್ತೆ.

ಮುಂದಿನ ಗ್ರಹಣದ ದಿನ ಅವಳನ್ನು ಭದ್ರಾ ಹೊಳೆಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಲ್ಲಿಸಿ ಕಿವಿಯಲ್ಲಿ ಮಂತ್ರ ಹೇಳಿಕೊಟ್ಟರು. ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸಬಾರದು, ಬಂದ ಆಕಳಿಕೆಯನ್ನು ತಡೆಯಬಾರದು. ಇಷ್ಟೇ ಕಟ್ಟಳೆ.

ಈಗ ಸಾವಿತ್ರಮ್ಮ ಇಲ್ಲ. ಜಗದಾಂಬಾಗೆ ಐವತ್ಮೂರು ವರ್ಷ. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಶಾಲೆಯಲ್ಲಿ ಬಿಸಿಯೂಟದ ಅಡುಗೆ. ಗಂಡ ಓಂಕಾರಪ್ಪನಿಗೆ ಲಕ್ವ ಹೊಡೆದು ಎರಡು ವರ್ಷವಾಯಿತು. ರಾತ್ರಿಯಿಡೀ ಎದ್ದೆದ್ದು ಅವನ ಮಗ್ಗುಲು ಬದಲಿಸಬೇಕು. ಶಾಲೆಯಿಂದ ಬಂದು ನೋಡಿದರೆ ಜಗಲಿಯ ಮೇಲೆ ಜನ ಕಾದಿರುತ್ತಾರೆ.

ಮೊದಲು ಹತ್ತು ಜನರಲ್ಲಿ ಇಬ್ಬರಿಗೆ ನೀವಾಳಿಸುವಾಗ ಮಾತ್ರ ಅವಳಿಗೆ ಆಕಳಿಕೆ ಬರುತ್ತಿತ್ತು. ಈಗ ಉಪ್ಪು ಹಿಡಿದರೆ ಸಾಕು, ಯಾರಿಗೆ ನೀವಾಳಿಸಿದರೂ ಬರುತ್ತದೆ. "ಎಂಥಾ ಜೋರು ದೃಷ್ಟಿ ನೋಡು ಮಾರಾಯ್ತಿ! ಇವರ ಕೈಯಲ್ಲಿ ಹೇಗೆ ಹೊರಗೆ ಬಂತು!" ಎನ್ನುತ್ತಾ ಹೋದವರು ಇನ್ನಷ್ಟು ಜನರನ್ನು ಕಳಿಸುತ್ತಾರೆ. ಜನ ಹೆಚ್ಚಿದಷ್ಟೂ ಅವಳ ನಿದ್ದೆ ಕಡಿಮೆಯಾಯಿತು, ನಿದ್ದೆ ಕಡಿಮೆಯಾದಷ್ಟೂ ಹೆಸರು ಹೆಚ್ಚಿತು.

"ನಿನಗೆ ಬೇಕಾಗಿರೋದು ಮಂತ್ರ ಅಲ್ಲ, ದಿಂಬು," ಎಂದು ಓಂಕಾರಪ್ಪ ಮಂಚದಿಂದಲೇ ತೊದಲುತ್ತಾನೆ.

ಕೆಲವರು ಅನುಮಾನ ಇರುವವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾರೆ. ಯಾವ ಹೆಸರಿಗೆ ಅವಳು ಆಕಳಿಸುತ್ತಾಳೋ ಅವರ ಕಣ್ಣೇ ಬಿದ್ದಿದೆ ಎಂದು ಅರ್ಥ. ಅತ್ತೆಯ ಕಾಲದಿಂದಲೂ ಇದು ನಡೆದುಬಂದದ್ದು. ಶಿವಮೊಗ್ಗದ ವಿನೋಬನಗರದಿಂದ ಸೀತಾ ಎಂಬ ಹೆಂಗಸು ಎರಡು ತಿಂಗಳ ಮೊಮ್ಮಗನನ್ನು ಕರೆತಂದಾಗಲೂ ಹಾಗೆಯೇ ನಡೆಯಿತು. ಮಗು ಹಾಲು ಕುಡಿಯದೆ ಅಳುತ್ತಿತ್ತು. ಸೀತಾ ನಾಲ್ಕು ಹೆಸರು ಹೇಳಿದರು. ಮೂರನೆಯದಕ್ಕೆ ಆಕಳಿಕೆ ಬಂತು. ಸೀತಾ ತಲೆಯಾಡಿಸಿ ಹೊರಟುಹೋದರು.

ಹತ್ತು ದಿನ ಕಳೆದ ಮೇಲೆ ಆ ಮೂರನೆಯ ಹೆಸರು ಬಸ್ಸು ಹತ್ತಿ ಹೊಸಮನೆಗೆ ಬಂತು.

"ನಾನು ನವ್ಯಾ. ನನ್ನ ಹೆಸರಿಗೆ ನೀವು ಆಕಳಿಸಿದ್ರಂತೆ," ಎಂದಳು ಬಂದವಳು. ಮೂವತ್ತೈದರ ಆಸುಪಾಸಿನ ಹೆಂಗಸು. "ಆ ಮಗು ನನ್ನ ತಂಗಿ ಮಾನಸಂದು. ನಮಗೆ ಅಮ್ಮ ಇಲ್ಲ, ಬಾಣಂತನ ನಾನೇ ಮಾಡಿದ್ದು. ಎರಡು ತಿಂಗಳು ದಿನಾ ನೀರು ಹಾಕಿದೀನಿ ಅದಕ್ಕೆ. ನನಗೆ ಮಕ್ಕಳಿಲ್ಲ ಅಂತ ಮೊದಲೇ ಅವಳತ್ತೆಗೆ ಅನುಮಾನ. ಈಗ ಮನೆಗೇ ಬರಬೇಡ ಅಂದ್ರು. ಬರೋ ವಾರ ನಾಮಕರಣ."

ಜಗದಾಂಬಾ, ಇವಳು ತನ್ನ ಮೇಲೆ ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಳು.

"ನನ್ನ ಕಣ್ಣಲ್ಲಿ ಏನಿದೆಯೋ ಅದನ್ನ ತೆಗೆದುಬಿಡಿ ಅಮ್ಮಾ," ಎಂದಳು ನವ್ಯಾ. "ನಿಮಗೆ ಗೊತ್ತಲ್ಲ, ತೆಗೀರಿ. ನಾನು ಆ ಮಗೂನ ಎತ್ಕೋಬೇಕು."

ಜಗದಾಂಬಾ ಗೋಡೆಗೆ ಒರಗಿ ಕೂತಳು. ಸೀತಾ ಬಂದಿದ್ದ ಆ ಶುಕ್ರವಾರ ಅವಳಿಗೆ ನೆನಪಿತ್ತು. ಹಿಂದಿನ ರಾತ್ರಿ ಓಂಕಾರಪ್ಪನಿಗೆ ಜ್ವರ ಬಂದು ಅವಳು ಮಲಗಿರಲೇ ಇಲ್ಲ. ಸೀತಾ ಹೇಳಿದ ಹೆಸರುಗಳು ಅವಳ ಕಿವಿಗೆ ಸರಿಯಾಗಿ ಬಿದ್ದಿರಲೂ ಇಲ್ಲ.

"ಅದು ನಿದ್ದೆ ಕಣಮ್ಮ," ಎಂದಳು. "ನಿನ್ನ ಕಣ್ಣಲ್ಲಿ ಏನೂ ಇಲ್ಲ."

"ನನ್ನ ಸಮಾಧಾನಕ್ಕೆ ಹೇಳ್ತಿದೀರಿ."

ಎಷ್ಟು ಹೇಳಿದರೂ ನವ್ಯಾ ನಂಬಲಿಲ್ಲ. ಭಾನುವಾರ ಜಗದಾಂಬಾ ಗಂಡನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ನವ್ಯಾಳ ಜೊತೆ ವಿನೋಬನಗರಕ್ಕೆ ಹೋದಳು. ನವ್ಯಾ ಗೇಟಿನ ಹೊರಗೇ ನಿಂತಳು.

ಅದು ನಿದ್ದೆಯ ಆಕಳಿಕೆ ಎಂದು ಜಗದಾಂಬಾ ಹೇಳಿದರೂ ಸೀತಾ ಒಂದು ಚೂರೂ ಬಗ್ಗಲಿಲ್ಲ. "ನಿದ್ದೆ ಆಗಿದ್ರೆ ಅವತ್ತು ಸಂಜೆಯಿಂದ ಮಗು ಹಾಲು ಕುಡಿಯೋಕೆ ಶುರು ಮಾಡಿದ್ದು ಹೇಗೆ?"

"ಒಂದು ಹಿಡಿ ಉಪ್ಪು ಕೊಡಿ," ಎಂದಳು ಜಗದಾಂಬಾ. "ಇನ್ನೊಂದು ಸಲ ಹೆಸರು ಹೇಳಿ. ಈ ಸಲ ಮನೆಯವರದ್ದು. ಯಜಮಾನರಿಂದ ಶುರು ಮಾಡಿ."

ಸೀತಾ ಸೆರಗು ಸರಿಮಾಡಿಕೊಂಡರು. ಗಂಡನ ಹೆಸರನ್ನು ಅವರು ಎಂದೂ ಬಾಯಲ್ಲಿ ಆಡಿದವರಲ್ಲ. ಪೇಪರ್ ಓದುತ್ತಿದ್ದ ಮುದುಕರೇ, "ಶ್ರೀನಿವಾಸಮೂರ್ತಿ, ರಿಟೈರ್ಡ್ ಹೆಡ್‌ಮಾಸ್ಟರ್!" ಎಂದು ಹಾಜರಿ ಹೇಳಿದಂತೆ ಕೂಗಿದರು. ಜಗದಾಂಬಾ ಆಕಳಿಸಿದಳು. ಮುದುಕರು ನಕ್ಕರು. "ಮಾನಸ" ಎಂದರು ಸೀತಾ. ಆಕಳಿಕೆ ಬಂತು. ಸ್ವಲ್ಪ ತಡೆದು, "ಸೀತಾ" ಎಂದರು. ಎಲ್ಲಕ್ಕಿಂತ ದೊಡ್ಡ ಆಕಳಿಕೆ ಅದಕ್ಕೇ ಬಂತು. ಜಗದಾಂಬಾಳ ಕಣ್ಣಿಂದ ನೀರು ಇಳಿಯಿತು.

"ನನ್ನ ಮೊಮ್ಮಗನಿಗೆ ನನ್ನದೇ ಕಣ್ಣಾ?" ಸೀತಾರ ದನಿ ಸಣ್ಣದಾಯಿತು.

"ಅಲ್ಲಮ್ಮ. ನನಗೆ ಎರಡು ವರ್ಷದಿಂದ ನಿದ್ದೆ ಇಲ್ಲ."

"ಹಾಗಾದ್ರೆ ಹಾಲು ಕುಡಿದಿದ್ದು?"

"ಅದು ನನಗೂ ಗೊತ್ತಿಲ್ಲ." ಇಷ್ಟು ಹೇಳುವುದಕ್ಕೇ ಅವಳಿಗೆ ಬಹಳ ಕಷ್ಟವಾಯಿತು. ಅತ್ತೆ ಹೊಳೆಯಲ್ಲಿ ನಿಲ್ಲಿಸಿ ಕೊಟ್ಟದ್ದು ತನ್ನಲ್ಲಿ ಇನ್ನೂ ಉಳಿದಿದೆಯೋ, ಯಾವತ್ತೋ ಹೋಯಿತೋ ಅವಳಿಗೇ ತಿಳಿಯದು. "ನೀವಾಳಿಸು ಅಂದ್ರೆ ನೀವಾಳಿಸ್ತೀನಿ. ಆದ್ರೆ ಇನ್ನು ಯಾರ ಹೆಸರೂ ನನ್ನ ಹತ್ರ ಹೇಳಬೇಡಿ. ಯಾರಿಗೂ ಹೇಳೋಕೆ ಬಿಡಲ್ಲ."

ಒಳಗೆ ಮಗು ಅತ್ತಿತು. ಮಾನಸ ಅದನ್ನು ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು ಅತ್ತೆಯ ಮುಖ ನೋಡಿದಳು. ಸೀತಾ ಮಗುವಿನ ತಲೆ ಸವರಿದರು. ಆಮೇಲೆ ಗೇಟಿನ ಕಡೆ ತಿರುಗಿ, ಸಿಡುಕಿನಿಂದಲೇ ಹೇಳಿದರು:

"ಅಲ್ಲೇ ಯಾಕೆ ನಿಂತಿದೀಯ? ಬಸ್ಸಲ್ಲಿ ಬಂದಿದೀಯ, ಮೊದಲು ಕೈಕಾಲು ತೊಳ್ಕೊ. ಆಮೇಲೆ ಎತ್ಕೊ."

ನವ್ಯಾ ಚಪ್ಪಲಿ ಬಿಟ್ಟು ನಲ್ಲಿಯ ಕಡೆಗೆ ನಡೆದಳು.