ಬೋರ್ಡಿಗೆ ಏರಿಸಿದ ಬನ್ನಿ

“ಟೀಚರ್ರಿ, ಈಕಿ ನಿಮ್ಮ ಊರಾಕಿ ಏನ್ರಿ?”

ಖಾನಾಪುರ ತಾಲ್ಲೂಕಿನ ಆ ಸರ್ಕಾರಿ ಶಾಲೆಯಲ್ಲಿ ಅದು ನನ್ನ ಮೊದಲ ವಾರ. ಮಕ್ಕಳ ಕೈಗೆ ಟ್ಯಾಬ್ ಕೊಟ್ಟು ಗಣಿತದ ಪಾಠ ಹಚ್ಚಿದ್ದೆ. ಒಳಗಿನ ಹೆಣ್ಣುದನಿ ‘ಮಕ್ಕಳೇ, ಇಂದು ನಾವು ಲೆಕ್ಕ ಕಲಿಯೋಣವೇ?’ ಎಂದದ್ದೇ ತಡ, ರೇಣುಕಾ ಎಂಬ ಪುಟ್ಟ ಹುಡುಗಿ ಎದ್ದು ನಿಂತು ಹೀಗೆ ಕೇಳಿದಳು. ಇಡೀ ತರಗತಿ ನಕ್ಕಿತು. ಕೋಲಾರದಿಂದ ಬಂದ ನನ್ನ ಕನ್ನಡವೂ ಆ ಡಬ್ಬಿಯ ಕನ್ನಡವೂ ಅವರ ಕಿವಿಗೆ ಒಂದೇ. ಅಂದು ಟ್ಯಾಬಿಗಿಂತ ವಿಚಿತ್ರವಾಗಿ ಕಂಡವಳು ನಾನೇ.

ನಮ್ಮ ಕೋಲಾರದವರಿಗೆ ಬೆಳಗಾವಿ ಅಂದರೆ ನಕ್ಷೆಯ ಆ ತುದಿ. ಆ ಊರಿನ ರಾಮತೀರ್ಥ ನಗರದಲ್ಲಿ ಒಂದು ಮಹಡಿ ಕೋಣೆ ಬಾಡಿಗೆಗೆ ಸಿಕ್ಕಿತು, ಅಲ್ಲಿಂದ ಶಾಲೆಗೆ ದಿನಾ ಬಸ್ಸು. ಮನೆಯೊಡತಿ ಕೇಳಿದ ಮೊದಲ ಪ್ರಶ್ನೆ, “ರೊಟ್ಟಿ ಬಡಿಯಾಕ ಬರ್ತೈತೇನವಾ?” ಮುದ್ದೆ ಕಟ್ಟಲು ಬರುತ್ತದೆ ಅಂದೆ. ಅಯ್ಯೋ ಪಾಪ ಎಂಬಂತೆ ನೋಡಿದರು. ಅಂದಿನಿಂದ ದಿನಾ ಎರಡು ಜೋಳದ ರೊಟ್ಟಿ ಮೇಲಕ್ಕೆ ಬರತೊಡಗಿದವು. ನಾನು ಅವನ್ನು ಸಾರಿನಲ್ಲಿ ನೆನೆಸಿ, ಉಂಡೆ ಕಟ್ಟಿ, ಮುದ್ದೆಯ ಹಾಗೇ ನುಂಗುತ್ತಿದ್ದೆ. ಅದನ್ನು ಕಂಡ ದಿನ ಅವರು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು.

ಇಲ್ಲಿಯ ಬಸ್ಸಿನಲ್ಲಿ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಇಳಿಯುತ್ತದೆ. ಅದಕ್ಕೆ ನಾನು ಹೆದರಲಿಲ್ಲ. ನಮ್ಮ ಕಡೆ ಸಂತೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ ಆಡಿ ಬೆಳೆದವಳು ನಾನು. ಹೆದರಿದ್ದು ಭಾನುವಾರಗಳಿಗೆ. ಶಾಲೆ ಇಲ್ಲ, ಮಾತಾಡಲು ಜನ ಇಲ್ಲ. ಮೊದಲ ವರ್ಷ ಎಷ್ಟೋ ಭಾನುವಾರ ಅತ್ತಿದ್ದೇನೆ, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಎರಡನೇ ವರ್ಷ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಗೋಡೆಯಗಲದ ಪರದೆ, ಬೆರಳಲ್ಲೇ ಬರೆಯಬಹುದು, ಚಿತ್ರ ಎಳೆದು ಸರಿಸಬಹುದು. ಹೆಡ್‌ಮಾಸ್ತರರು ಅದರ ರಿಮೋಟನ್ನು ನನ್ನ ಕೈಗಿಟ್ಟು, “ನಿಮ್ಮ ಊರಾಕಿ ಬಂದಾಳ ನೋಡ್ರಿ” ಎಂದು ನಕ್ಕರು. ನಾನೂ ಬಿಡಲಿಲ್ಲ. ಒಂದೇ ತಿಂಗಳಲ್ಲಿ ಬೋರ್ಡು ನನ್ನ ಮಾತು ಕೇಳತೊಡಗಿತು. ಟ್ಯಾಬಿನ ಪಾಠಗಳನ್ನು ನಾನೇ ಮಕ್ಕಳ ದನಿಯಲ್ಲಿ ಮತ್ತೆ ಹೇಳಿಸಿ, ರೆಕಾರ್ಡ್ ಮಾಡಿದೆ. ಅಕ್ಕಪಕ್ಕದ ಶಾಲೆಯವರು ಸಂಶಯ ಬಂದರೆ ನನಗೇ ಫೋನ್ ಮಾಡುತ್ತಿದ್ದರು. ಹೆಮ್ಮೆ ಪಟ್ಟೆ, ಯಾಕೆ ಪಡಬಾರದು?

ಬೋರ್ಡನ್ನು ನನಗಿಂತ ಹೆಚ್ಚು ಪ್ರೀತಿಸಿದವಳು ಬಿಸಿಯೂಟ ಮಾಡುವ ಎಲ್ಲವ್ವ. ಈ ಊರಿನಲ್ಲಿ ನನಗೆ ಮೊದಲು ‘ಊಟಾ ಆತೇನ್ರಿ ಅಕ್ಕಾರ?’ ಎಂದು ಕೇಳಿದವಳೂ ಅವಳೇ. ದಿನಾ ಬೆಳಿಗ್ಗೆ ತನ್ನ ಸೆರಗಿನಿಂದಲೇ ಪರದೆ ಒರೆಸುತ್ತಿದ್ದಳು.

ಮೂರನೇ ವರ್ಷ, ದಸರೆ ರಜೆಗೆ ಎರಡು ದಿನ ಮೊದಲು ರೇಣುಕಾಳ ಅಪ್ಪ ಮಲ್ಲಪ್ಪ ಬಂದರು. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೆಲಸ ಮಾಡುವವರು, ಮಾತು ಕಡಿಮೆ. ಐದನೇ ತರಗತಿಗೆ ಬಂದಿದ್ದ ಮಗಳನ್ನು ಪೇಟೆಯ ಖಾಸಗಿ ಶಾಲೆಗೆ ಹಾಕುತ್ತೇನೆ, ಟಿ.ಸಿ. ಕೊಡಿ ಎಂದರು. “ಟಿ.ವಿ. ನೋಡಿದ್ರ ವಿದ್ಯಾ ಬರ್ತೈತೇನ್ರಿ?” ಎಂದೂ ಕೇಳಿದರು.

ಹಾಜರಿ ಪಟ್ಟಿಯಿಂದ ಇನ್ನೊಂದು ಹೆಸರು ಹೋದರೆ ನಮ್ಮ ಶಾಲೆಯಲ್ಲಿ ಒಬ್ಬ ಶಿಕ್ಷಕರು ಹೆಚ್ಚುವರಿಯಾಗುತ್ತಾರೆ, ಬೇರೆಡೆಗೆ ಹೋಗಬೇಕಾಗುತ್ತದೆ ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿದ್ದರು. ಕೊನೆಗೆ ಸೇರಿದವಳು ನಾನು. ಮೊದಲ ವರ್ಷವಾಗಿದ್ದರೆ ಕುಣಿಯುತ್ತ ಗಂಟುಮೂಟೆ ಕಟ್ಟುತ್ತಿದ್ದೆ. ಈಗ ಹೋಗಲು ಮನಸ್ಸಿರಲಿಲ್ಲ. “ರಜೆ ಮುಗಿದ ದಿನ ಬಂದು ನಿಮ್ಮ ಮಗಳು ಬೋರ್ಡಿನಲ್ಲಿ ಲೆಕ್ಕ ಮಾಡೋದನ್ನ ಒಂದ್ಸಲ ನೋಡಿ. ಆಮೇಲೆ ನೀವು ಹೇಳಿದ ಹಾಗೆ” ಅಂದೆ. ಒಪ್ಪಿದರು. ನಾನು ಕೋಲಾರಕ್ಕೆ ಹೋಗಿ ಹಬ್ಬ ಮಾಡಿ ಬಂದೆ.

ಶಾಲೆ ತೆರೆದ ದಿನ ಮಲ್ಲಪ್ಪ ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಬೋರ್ಡು ಹಚ್ಚಿದೆ. ರೇಣುಕಾ ಬೆರಳಿಟ್ಟಳು. ಬೆರಳಿನಿಂದ ಹೊರಟ ಗೆರೆ ಸರ್ರನೆ ಬಲಗಡೆಯ ಮೇಲಿನ ಮೂಲೆಗೆ ಓಡಿತು. ಒರೆಸಿದೆ, ಮತ್ತೆ ಅದೇ. ಯಾರೂ ಮುಟ್ಟದಿದ್ದರೂ ಮೂಲೆಯಲ್ಲಿ ಚುಕ್ಕೆಗಳು ಬೀಳುತ್ತಿದ್ದವು. ಆರಿಸಿ ಹಚ್ಚಿದೆ, ಮತ್ತೆ ಅದೇ. ಮಲ್ಲಪ್ಪ ಒಮ್ಮೆ ಗಡಿಯಾರ ನೋಡಿದರು.

ಆ ಬೋರ್ಡಿನ ಚೌಕಟ್ಟಿನ ಒಳ ಅಂಚಿನಿಂದ ಕಣ್ಣಿಗೆ ಕಾಣದ ಬೆಳಕು ಅಡ್ಡಕ್ಕೂ ಉದ್ದಕ್ಕೂ ಹಾಯುತ್ತಿರುತ್ತದೆ. ಬೆರಳು ಅದಕ್ಕೆ ಅಡ್ಡ ಬಂದಾಗಲೇ ಬೋರ್ಡಿಗೆ ಮುಟ್ಟಿದ್ದು ತಿಳಿಯುವುದು. ತರಬೇತಿಯಲ್ಲಿ ಕೇಳಿದ್ದು ಆಗ ನೆನಪಾಗಿ ಕುರ್ಚಿ ಹತ್ತಿದೆ. ಚೌಕಟ್ಟಿನ ಮೇಲೆ ಮೂರೆಳೆ ವಿಭೂತಿ. ಮೂಲೆಯ ಸಂದಿನಲ್ಲಿ, ಒಣಗಿದ ಬನ್ನಿಯ ಪುಟ್ಟ ಎಸಳು.

ಬಾಗಿಲಲ್ಲಿ ನಿಂತಿದ್ದ ಎಲ್ಲವ್ವನ ಮುಖ ಬಾಡಿತು. “ಖಂಡೇಪೂಜಿ ದಿನ ನಾನ ಪೂಜಿ ಮಾಡೇನ್ರಿ ಅಕ್ಕಾರ. ದಸಮಿಗೆ ಬನ್ನಿ ಏರಿಸೇನಿ. ನೀವು ಊರಾಗಿಲ್ಲ, ಅದ್ರ ಜೋಡಿ ಯಾರೂ ಇಲ್ಲ ಅಂತ... ತಪ್ಪಾತೇನ್ರಿ?”

ಎಸಳನ್ನು ಕಿತ್ತು ಕಿಟಕಿಯಾಚೆ ಒಗೆಯುವುದು ಒಂದು ಕ್ಷಣದ ಕೆಲಸ. ಆದರೆ ನಾನಿಲ್ಲದಾಗ ನನ್ನ ಬೋರ್ಡಿಗೂ ಹಬ್ಬ ಮಾಡಿದವಳ ಎದುರು ಅದು ನನ್ನಿಂದಾಗದು. ಇಲ್ಲಿ ಆಯುಧಪೂಜೆಯೇ ಖಂಡೇಪೂಜೆ, ಮರುದಿನ ದಶಮಿಗೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಹಬ್ಬ ಕಳೆದರೂ, ಸಿಗದವರು ಸಿಕ್ಕಾಗ ಕೊಡುವುದುಂಟು. ಕೊಟ್ಟರೆ, ಮುನಿಸಿದ್ದವರೂ ಬೇಡ ಅನ್ನುವಂತಿಲ್ಲ. ಎಸಳನ್ನು ಮೆಲ್ಲಗೆ ತೆಗೆದು ಕಣ್ಣಿಗೊತ್ತಿಕೊಂಡೆ. ಎರಡು ಎಲೆ ಬಿಡಿಸಿ ಒಂದನ್ನು ಎಲ್ಲವ್ವನ ಕೈಗಿಟ್ಟೆ. ಇನ್ನೊಂದನ್ನು ಹಿಡಿದು ನೇರ ಮಲ್ಲಪ್ಪನವರ ಬಳಿ ಹೋದೆ.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ.”

ಅವರು ಗಡಬಡಿಸಿ ಎದ್ದು ಎರಡೂ ಕೈ ಚಾಚಿದರು. ಆಮೇಲೆ ಎಲ್ಲವ್ವನ ಕಡೆ ತಿರುಗಿ, “ನಾವೂ ಫೌಂಡ್ರ್ಯಾಗ ಮಿಷಿನ್ನಿಗೆ ಬನ್ನಿ ಏರಸ್ತೀವಿ ಯವ್ವಾ. ಆದ್ರ ಸ್ವಿಚ್ಚಿನ ಬಾಯಾಗ ತುರಕಂಗಿಲ್ಲ!” ಎಂದರು. ಎಲ್ಲವ್ವನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ನಾನು ಕರ್ಚೀಫಿನಿಂದ ಅಂಚು ಒರೆಸಿದೆ. ರೇಣುಕಾ ರೊಟ್ಟಿಯ ಚಿತ್ರವನ್ನು ಬೆರಳಿನಿಂದ ನಾಲ್ಕು ಭಾಗ ಮಾಡಿ, ಮೂರನ್ನು ಒಂದು ಬಾಜುಕ್ಕೆ ಸರಿಸಿ, ಮುಕ್ಕಾಲು ಎಂದರೇನು ಎಂದು ಅಪ್ಪನಿಗೇ ಪಾಠ ಹೇಳಿದಳು. ಗೆರೆ ಎಲ್ಲೂ ಓಡಲಿಲ್ಲ. ಮಲ್ಲಪ್ಪ ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎದ್ದರು. “ಇಲ್ಲೇ ಇರ್ಲಿ ಬಿಡ್ರಿ. ಆದ್ರ ಈಕಿದು ಏಳನೇ ಕ್ಲಾಸ್ ಮುಗಿಯೂತನಕ ನೀವೂ ಇರಬೇಕು ನೋಡ್ರಿ” ಎಂದರು. ಹೂಂ ಅಂದೆ. ಅಷ್ಟು ದೊಡ್ಡ ಮಾತು ಕೊಡುವಾಗ ಒಂದಿಷ್ಟಾದರೂ ಯೋಚಿಸಬೇಕಿತ್ತೋ ಏನೋ.

ಉಳಿದ ಎಸಳನ್ನು ನನ್ನ ಟ್ಯಾಬಿನ ಕವರಿನಲ್ಲಿ ಇಟ್ಟುಕೊಂಡಿದ್ದೇನೆ. ಅಂದೇ ಸಂಜೆ ವಿಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಕಥೆಯೆಲ್ಲ ಕೇಳಿ ನಕ್ಕರು, ಪ್ರತಿ ಸಲದಂತೆ ಕೊನೆಗೆ ಕೇಳಿದರು: “ವರ್ಗ ಯಾವಾಗಮ್ಮ ಮಾಡಿಸ್ಕೊಳ್ತೀಯ? ಊರಿಗೆ ಬಂದ್ಬಿಡು.”

“ಊರಲ್ಲೇ ಇದ್ದೀನಲ್ಲಮ್ಮ” ಎಂದುಬಿಟ್ಟೆ.

ಅಮ್ಮನ ಹಿಂದೆ ನಮ್ಮ ಅಡುಗೆಮನೆ ಕಾಣುತ್ತಿತ್ತು, ಮುದ್ದೆ ತಿರುವುವ ಕೋಲು ಗೋಡೆಗೆ ಒರಗಿತ್ತು. ಅದನ್ನು ಕಂಡು ನನಗೆ ಅಳು ಬಂತು. ಅಷ್ಟರಲ್ಲಿ ಕೆಳಗಿನಿಂದ ಮನೆಯೊಡತಿ ರೊಟ್ಟಿಗೆ ಕರೆದರು. “ಬಂದೆರೀ” ಎಂದು ಕೂಗಿದೆ, ಫೋನ್ ಮಾತ್ರ ಇಡಲಿಲ್ಲ.