ಜೋಕಾಲಿ ಹಗ್ಗದಲ್ಲಿ ಗೂಡು

ದೆವ್ವ ಕಂಡೆ, ದೇವರು ಮೈಮೇಲೆ ಬಂದ ಎನ್ನುವವರನ್ನು ಮುಖದ ಮೇಲೆಯೇ ನಕ್ಕು ಕಳಿಸಿದವಳು ನಾನು. ಈಗಲೂ ದೆವ್ವ, ದೇವರು ಎನ್ನುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಮರಿಪೇಟೆಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬೇವಿನ ಮರವಿದೆ. ಪ್ರತಿ ವರ್ಷ ನಾಗರ ಪಂಚಮಿಗೆ ಅದಕ್ಕೇ ಜೋಕಾಲಿ. ಮೈಭಾರ ತಡೆಯುವ ಟೊಂಗೆ ಅದರಲ್ಲಿ ಒಂದೇ. ಹಬ್ಬ ಮುಗಿದ ಮೇಲೆ ಹಗ್ಗ ಬಿಚ್ಚಿ ಒಳಗಿಡಬೇಕು. ಮಗಳ ಮದುವೆಯ ಮಾತುಕತೆಯ ಗಡಿಬಿಡಿಯಲ್ಲಿ ನಮ್ಮವರು ಗಂಟು ಬಿಚ್ಚದೆ, ಇಳಿಬಿದ್ದ ಹಗ್ಗವನ್ನಷ್ಟೇ ಟೊಂಗೆಗೆ ಸುತ್ತಿ ಬಿಟ್ಟಿದ್ದರು. ಮರುವರ್ಷ ಆ ಸುರುಳಿಯಲ್ಲಿ ಬುಲ್‌ಬುಲ್ ಜೋಡಿಯೊಂದು ಗೂಡು ಕಟ್ಟಿತು. ನಾರು, ಹುಲ್ಲು, ನನ್ನ ತಲೆಗೂದಲು ಎಲ್ಲವನ್ನೂ ಹಗ್ಗದ ಎಳೆಗಳೊಳಗೆ ಹೆಣೆದಿದ್ದವು. ನಾನು ದಿನವೂ ಅಕ್ಕಿ ಆರಿಸುತ್ತ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಪಂಚಮಿ ಬಂದಾಗ ಮರಿಗಳಿಗಿನ್ನೂ ಪುಕ್ಕ ಮೂಡಿರಲಿಲ್ಲ.

ಮಗಳು ಸವಿತಾಳಿಗೆ ಅದು ಮದುವೆಯಾದ ಮೇಲಿನ ಮೊದಲ ಪಂಚಮಿ. ತವರಿಗೆ ಬಂದವಳು ಜೋಕಾಲಿ ಆಡದೆ ಹೋಗುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹಬ್ಬಕ್ಕೆ ಬಂದಿದ್ದ ನನ್ನ ಗಂಡನ ಅಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರು.

“ಹಕ್ಕಿ ಸಲುವಾಗಿ ಮಗಳ ಹಬ್ಬ ಕೆಡಸ್ತೀಯೇನ? ಬೀಗರು ಕೇಳಿದ್ರ ಏನ್ ಹೇಳೂದು?”

“ಬಾಣಂತಿ ಮನಿ ಕೆಡವಿ ನಾ ಹಬ್ಬಾ ಮಾಡಂಗಿಲ್ರಿ ಅಕ್ಕಾರ. ಬೀಗರು ಕೇಳಿದ್ರ ನನ್ನ ಹೆಸರು ಹೇಳ್ರಿ.”

ಸವಿತಾ ತಲೆ ಬಗ್ಗಿಸಿ ಹಬ್ಬದ ಉಂಡಿ ಕಟ್ಟುತ್ತಿದ್ದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಆದರೂ ಬಗ್ಗಲಿಲ್ಲ. ಯಾರಾದರೂ ಕದ್ದು ಹಗ್ಗ ಇಳಿಸಿಯಾರೆಂದು ಸಂಜೆಯೇ ಹಿತ್ತಲ ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ನಡುವಿಗೆ ಸಿಕ್ಕಿಸಿಕೊಂಡು ಮಲಗಿದೆ. ಹಿತ್ತಲಿಗೆ ಬೇರೆ ದಾರಿಯಿಲ್ಲ, ಸುತ್ತ ಗಾಜು ನೆಟ್ಟ ಎತ್ತರದ ಗೋಡೆ.

ಬೆಳಿಗ್ಗೆ ನಾನೇ ಬೀಗ ತೆಗೆದೆ. ಹಗ್ಗದ ಸುರುಳಿ ಪೂರ್ತಿ ಬಿಚ್ಚಿಕೊಂಡು ಜೋಕಾಲಿಯಾಗಿ ಇಳಿಬಿದ್ದಿತ್ತು. ಗೂಡು ಟೊಂಗೆಯ ಕವಲಿನಲ್ಲಿ ಕೂತಿತ್ತು, ಒಂದು ನಾರೂ ಕಳಚಿರಲಿಲ್ಲ. ಹಗ್ಗಕ್ಕೆ ಒಂದು ಎಳೆ ಹುಲ್ಲೂ ಅಂಟಿರಲಿಲ್ಲ. ತಾಯಿಹಕ್ಕಿ ಮರಿಗಳಿಗೆ ಹುಳ ತಿನ್ನಿಸುತ್ತಿತ್ತು.

ಮನೆಮಂದಿಯನ್ನೆಲ್ಲ ಬೈದೆ, ಆಣೆ ಹಾಕಿಸಿದೆ. ಅಕ್ಕ ಮರಕ್ಕೆ ಕೈಮುಗಿದು ನಿಂತುಬಿಟ್ಟರು. ನಮ್ಮವರು “ಗಾಳಿಗೆ ಬಿಚ್ಚಿರಬೇಕ” ಎಂದರು. ಹಗ್ಗ ಬಿಚ್ಚುವ ಗಾಳಿ ಗೂಡನ್ನು ಎತ್ತಿ ಪಕ್ಕಕ್ಕಿಡುತ್ತದೆಯೇ ಎಂದು ಕೇಳಿದ್ದಕ್ಕೆ ಚಹಾದ ನೆಪ ಹೇಳಿ ಒಳಗೆ ಹೋದರು.

ಮಧ್ಯಾಹ್ನ ಸವಿತಾ ಹಗ್ಗಕ್ಕೆ ಮಣೆ ಇಟ್ಟು ಮೆಲ್ಲಗೆ ಕೂತಳು. ನಾನೇ ತೂಗಿದೆ, ಕಣ್ಣು ಮಾತ್ರ ಗೂಡಿನ ಮೇಲೆ. ತಾಯಿಹಕ್ಕಿ ಅವಳ ತಲೆಯ ಮೇಲೆಯೇ ಹಾರಿ ಬಂದು ಹೋಗಿ ಮಾಡಿತು, ಒಮ್ಮೆಯೂ ಬೆದರಲಿಲ್ಲ. ಮುಂದೆ ಪುಕ್ಕ ಬಲಿತು ಮರಿಗಳು ಹಾರಿಹೋದವು.

ವರ್ಷಗಳಾದವು. ಆ ಹಗ್ಗ ಈಗಲೂ ಹಾಗೆಯೇ ಜೋತುಬಿದ್ದಿದೆ. ಮಳೆಗೆ ನೆನೆದು ಕಪ್ಪಾಗಿದೆ, ಪಂಚಮಿಗೆ ಬೇರೆ ಹಗ್ಗ ಕಟ್ಟುತ್ತೇವೆ. ಅಕ್ಕ ಬಂದಾಗಲೆಲ್ಲ ಅದನ್ನು ತೆಗೆದು ಒಳಗಿಡು ಎನ್ನುತ್ತಾರೆ. ನನ್ನ ಉತ್ತರ ಒಂದೇ.

“ನಾ ಮುಟ್ಟಂಗಿಲ್ರಿ. ಬೀಗ ಹಾಕಿದ ಹಿತ್ತಲದಾಗ ಯಾರು ಬಿಚ್ಚ್ಯಾರೋ ಅವರೇ ಬಂದು ಸುತ್ತಿ ಇಡ್ಲಿ. ನಾ ಇಲ್ಲೇ ಕಟ್ಟಿಮ್ಯಾಲೆ ಕುಂತಿರ್ತೇನಿ.”