ಹೂಂ ಅನ್ನುವವರು ಬೇಕಾಗಿದ್ದಾರೆ

ಬಾಯಿ ತೆರೆಯದೆಯೇ ಆಡಬಹುದಾದ ಮಾತುಗಳು ನಮ್ಮ ಭಾಷೆಯಲ್ಲಿ ಎರಡೇ: ‘ಹೂಂ’ ಮತ್ತು ‘ಉಹೂಂ’. ಎರಡನೆಯದು ಜಗಳಗಂಟಿ, ಅದರ ಸಹವಾಸ ಈಗ ಬೇಡ. ಮೊದಲನೆಯದು ನನ್ನ ಹೊಟ್ಟೆಪಾಡಿಗೇ ಅಡ್ಡ ಬಂದು ಕೂತದ್ದನ್ನು ಹೇಳುತ್ತೇನೆ, ಕೇಳಿ.

ನನ್ನಪ್ಪ ಆಲ್ದೂರಿನ ಬಳಿಯ ಕಾಫಿ ಎಸ್ಟೇಟಿನಲ್ಲಿ ರೈಟರ್. ಹಾಗೆಂದೊಡನೆ ಕಾದಂಬರಿಕಾರರೆಂದು ಕೈಮುಗಿಯಬೇಡಿ. ಆಳುಗಳ ಹಾಜರಿ, ಬಿದ್ದ ಮಳೆಯ ಇಂಚು, ಇವೆರಡೇ ಅವರ ಸಮಗ್ರ ಸಾಹಿತ್ಯ. ರೈಟರ್ ಮಗಳು ರೀಡರ್ ಆದಳು. ಬೀಜ ಆರಿಸುವ ಹೆಂಗಸರ ನಡುವೆ ಕೂತು ವಾರಪತ್ರಿಕೆಯ ಧಾರಾವಾಹಿಗಳನ್ನು ಗಟ್ಟಿಯಾಗಿ ಓದುವುದು, ತೊಂಬತ್ತರ ದಶಕದ ನನ್ನ ರಜೆಗಳಲ್ಲಿ, ಊಟಕ್ಕಿಂತ ರುಚಿಯಾದ ಕೆಲಸವಾಗಿತ್ತು. ಕಪ್ಪು ಬೀಜವನ್ನೂ ಒಡಕು ಬೀಜವನ್ನೂ ಬೆರಳುಗಳು ತಾವಾಗಿಯೇ ಹೆಕ್ಕುತ್ತಿದ್ದರೆ ಕಿವಿಗಳೆಲ್ಲ ನನ್ನ ಪಾಲಿಗೆ. ವಾಕ್ಯ ಮುಗಿದೊಡನೆ ಎಲ್ಲರಿಗಿಂತ ಹಿರಿಯಳಾದ ಶೇಷಕ್ಕ ‘ಹೂಂ’ ಅನ್ನಬೇಕು, ಉಳಿದವರು ದನಿಗೂಡಿಸಬೇಕು, ಆಮೇಲೆಯೇ ಮುಂದಿನ ವಾಕ್ಯ. ಹೂಂ ಸಣ್ಣಗಾದರೆ ಕಥೆ ಸಪ್ಪೆಯಾಯಿತೆಂದು ನಾನು ಪುಟ ಹಾರಿಸುತ್ತಿದ್ದೆ. ಹೂಂ ನಿಂತೇ ಹೋದರೆ ನಾಯಕಿಗೆ ಏನೋ ಆಗಿದೆ, ಎಲ್ಲರೂ ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಾರೆ ಎಂದರ್ಥ.

ಡಿಗ್ರಿ ಮುಗಿದ ವರ್ಷ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಕ್ಯಾಸೆಟ್ಟಿಗೆ ಓದುವವರು ಬೇಕಾಗಿದ್ದಾರೆಂಬ ಜಾಹೀರಾತು ಕಂಡಿತು. ಅಷ್ಟರಲ್ಲಿ ಅಪ್ಪ ಬಿ.ಎಡ್. ಅರ್ಜಿ ತಂದಿಟ್ಟಿದ್ದರು. ‘ಓದೋದಕ್ಕೂ ಸಂಬಳ ಕೊಡ್ತಾರಂತಾ? ಆಯ್ತು, ಹೋಗಿ ಬಾ. ಆಗದಿದ್ರೆ ಸುಮ್ನೆ ಬಿ.ಎಡ್. ಸೇರ್ಬೇಕು’ ಎಂದು ಷರತ್ತು ಹಾಕಿ ಚಿಕ್ಕಮಗಳೂರಿನ ಬಸ್ಸು ಹತ್ತಿಸಿದರು. ಪಾಠ ಹೇಳುವ ಕೆಲಸ ಕೆಟ್ಟದ್ದಲ್ಲ. ಆದರೆ ನನಗೆ ಕಥೆ ಓದುವುದೇ ಬೇಕಾಗಿತ್ತು, ಜೀವಮಾನವಿಡೀ ಅದೇ ಬೇಕಾಗಿತ್ತು.

ಧ್ವನಿಪರೀಕ್ಷೆಯ ಕೋಣೆಯಲ್ಲಿ ಗಾಜಿನಾಚೆ ರೆಕಾರ್ಡಿಂಗ್ ಮಾಡುವವರು, ಈಚೆ ನಾನು. ಒಂದು ವಾಕ್ಯ ಓದಿ ನಿಲ್ಲಿಸಿದೆ. ಅವರು ಕಾದರು, ನಾನೂ ಕಾದೆ.

‘ಯಾಕಮ್ಮಾ ನಿಲ್ಲಿಸಿದ್ರಿ?’

‘ನೀವು ಹೂಂ ಅನ್ನಲೇ ಇಲ್ವಲ್ಲ ಸಾರ್!’

ಅವರು ನಕ್ಕು, ತಲೆಯಾಡಿಸಿದರೆ ಸಾಕೇ ಎಂದರು. ಸಾಲಲಿಲ್ಲ, ಕಣ್ಣನ್ನು ಪುಟದ ಮೇಲಿಡಲೋ, ಅವರ ತಲೆಯ ಮೇಲಿಡಲೋ? ಕೈ ಎತ್ತಿದಲ್ಲೆಲ್ಲ ನಿಲ್ಲುವ ನಮ್ಮೂರ ಬಸ್ಸಿನಂಥ ನನ್ನ ಓದನ್ನು ಸಹಿಸಿಕೊಂಡು, ಹದಿನೈದು ದಿನ ಬಿಟ್ಟು ಇನ್ನೊಮ್ಮೆ, ಕೊನೆಯ ಸಲ, ಬರಲು ಹೇಳಿದರು.

ಅಭ್ಯಾಸಕ್ಕೆ ಶೇಷಕ್ಕನ ಬಳಗದ ಮುಂದೆಯೇ ಕೂತೆ. ಯಾರೂ ಹೂಂ ಅನ್ನಬಾರದೆಂದು ಕರಾರು. ಮರೆತಾರೆಂದು ಎಲ್ಲರ ಬಾಯಿಗೂ ಎಲೆಅಡಿಕೆ ತುಂಬಿಸಿದೆ. ಅಯ್ಯೋ, ಹೂಂ ಅನ್ನಲು ಬಾಯಿ ಯಾರಿಗೆ ಬೇಕು! ಮೂರನೆಯ ವಾಕ್ಯಕ್ಕೇ ಅಷ್ಟೂ ಮೂಗುಗಳಿಂದ ಅದು ಹೊರಟಿತು. ತಡೆಯಲಾಗದ್ದನ್ನು ಜೊತೆಗೇ ಒಯ್ಯುವುದು ಲೇಸೆಂದು ಆಗ ಹೊಳೆಯಿತು. ಮುಂದಿನ ಪರೀಕ್ಷೆಯಲ್ಲಿ ಪ್ರತಿ ವಾಕ್ಯದ ಕೊನೆಗೂ ಶೇಷಕ್ಕ ನನ್ನ ಮನಸ್ಸಿನೊಳಗೇ ಹೂಂ ಅಂದಳು. ಅಷ್ಟು ಉಸಿರಿನ ಜಾಗ ಬಿಟ್ಟು ನಾನು ಮುಂದೆ ಹೋದೆ. ಕೆಲಸ ಸಿಕ್ಕಿತು. ಸಂತೋಷಕ್ಕೆ ಬಸ್ಸಿನಲ್ಲಿ ಅತ್ತೇಬಿಟ್ಟೆ.

ನಾನು ಓದಿದ ಮೊದಲ ಕ್ಯಾಸೆಟ್ಟನ್ನು ತಂದು, ಬೀಜದ ರಾಶಿಯ ನಡುವೆ ಟೇಪ್ ರೆಕಾರ್ಡರ್ ಇಟ್ಟು ಹಾಕಿದೆ. ನಾನು ಬಿಟ್ಟ ಜಾಗಗಳಲ್ಲೆಲ್ಲ ಹೆಂಗಸರ ಹೂಂ ಸರಿಯಾಗಿ ಬಂದು ಕೂತಿತು. ನಾನೊಬ್ಬಳು ಮಾತ್ರ ಎಲ್ಲಿ ತಡವರಿಸಿದೆ, ಎಲ್ಲಿ ನುಂಗಿದೆ ಎಂದು ತಪ್ಪುಗಳನ್ನೇ ಹುಡುಕುತ್ತ ಉಗುರು ಕಚ್ಚುತ್ತಿದ್ದೆ. ಶೇಷಕ್ಕ ಮೊಣಕೈಯಿಂದ ತಿವಿದಳು.

‘ಎಂಥ ಮಾರಾಯ್ತಿ, ಸುಮ್ನೆ ಕೂತಿದೀಯಲ್ಲ! ಪಾಪ, ಆ ಹುಡುಗಿ ಆವಾಗಿಂದ ಓದ್ತಾ ಇದಾಳೆ. ಹೂಂ ಅನ್ನೇ!’

ನನ್ನ ದನಿಗೆ ಅಂದು ಮೊದಲ ಬಾರಿ ನಾನೇ ಹೂಂ ಅಂದೆ.